ಕ್ಲಾರಿ ಮುಚ್ಚದೆ ಬಿಟ್ಟ ಲೈನು

ಆಸ್ಟ್ರೇಲಿಯಾದ ವೆರಿಸ್ ಕ್ರೀಕ್‌ನ ರೈಲ್ವೆ ಸಿಗ್ನಲ್ ಕ್ಯಾಬಿನ್ನಿನಲ್ಲಿ ಆಯುಸ್ಸು ಸವೆಸಿದ ಕ್ಲಾರಿ ಹಾಸ್ಕಿನ್‌ಗೆ ಒಂದು ಚಾಳಿ ಅಂಟಿಕೊಂಡಿತ್ತು: ಕೆಲಸ ಮುಗಿದ ಕೂಡಲೇ ಎಲ್ಲವನ್ನೂ ಮೊದಲಿದ್ದ ಹಾಗೆ ಮಾಡಿಟ್ಟುಬಿಡುವುದು. ರೈಲು ದಾಟಿತೋ, ಸಿಗ್ನಲ್ ಎಳೆಯುವ ಲಿವರ್ ಹಿಂದಕ್ಕೆ. ಮರೆತರೆ ಮುಂದಿನ ಗಾಡಿಗೆ ಅಪಾಯ. ನಿವೃತ್ತನಾದ ಮೇಲೂ ಜಾಮಿನ ಬಾಟಲಿಗೆ ಮುಚ್ಚಳ ಹಾಕದೆ ಬ್ರೆಡ್ಡಿಗೆ ಬಾಯಿ ಇಡುತ್ತಿರಲಿಲ್ಲ ಈ ಮಹಾರಾಯ. ಹೆಂಡತಿ ಮರ್ಲ್ ಇದನ್ನು ಆಡಿಕೊಂಡು ನಗುತ್ತಿದ್ದಳು.

ಈಗ ಆಡಿಕೊಳ್ಳಲು ಅವಳಿಗೆ ದನಿಯೇ ಇರಲಿಲ್ಲ. ಚಳಿಗಾಲದ ಆರಂಭದಲ್ಲಿ ಗಂಟಲಿನ ಆಪರೇಷನ್ ಆಗಿ ಜೀವ ಉಳಿಯಿತು, ಮಾತು ಹೋಯಿತು. ಮಗಳು ಕಳಿಸಿದ ಫೋನಿನ ಗಾಜಿನ ಮೇಲೆ ಬೆರಳು ನಿಲ್ಲುವುದಿಲ್ಲವೆಂದು ಅದನ್ನು ದೂರ ತಳ್ಳಿದಳು. ಸ್ಲೇಟು ಕೊಟ್ಟರೆ, ನಾನೇನು ಒಂದನೇ ಕ್ಲಾಸಿನ ಹುಡುಗಿಯೇ ಎಂಬಂತೆ ದುರುಗುಟ್ಟಿದಳು. ಬೈಗುಳವಿಲ್ಲದ ಮನೆಯಲ್ಲಿ ಕ್ಲಾರಿಗೆ ಊಟ ಸೇರದಾಯಿತು. ಅವನಿಗೆ ಬೇಕಾಗಿದ್ದು ಇಷ್ಟೇ: ಅವಳು ತನ್ನೊಡನೆ ಮತ್ತೆ ಮಾತಾಡಬೇಕು, ಬೈದರೂ ಸರಿಯೇ.

ಅಡುಗೆಮನೆಯ ಮೂಲೆಯಲ್ಲಿ ಅವಳ ಹಳೆಯ ಕಮೊಡೋರ್ ಕಂಪ್ಯೂಟರ್ ಇತ್ತು. ಊರ ಮಹಿಳಾ ಸಂಘದ ಪತ್ರಿಕೆಯನ್ನು ವರ್ಷಗಟ್ಟಲೆ ಅದರಲ್ಲೇ ಟೈಪ್ ಮಾಡಿದವಳು. ಆ ಕಂದು ಕೀಲಿಗಳ ಮೇಲೆ ಅವಳ ಬೆರಳು ತಾನಾಗಿ ಓಡುತ್ತಿತ್ತು. ಅಂಥದ್ದೇ ಇನ್ನೊಂದನ್ನು ಕ್ಲಾರಿ ಟ್ಯಾಮ್‌ವರ್ತ್‌ನ ಹಳೆ ಕಂಪ್ಯೂಟರ್ ಸಂಘದಿಂದ ಹೊತ್ತು ತಂದು ಹಿತ್ತಲ ಶೆಡ್ಡಿನಲ್ಲಿಟ್ಟ. ನಿಂಬೆ ಮರದ ಕೊಂಬೆಗೆ ಕಟ್ಟಿ, ಅಡುಗೆಮನೆಗೂ ಶೆಡ್ಡಿಗೂ ತಂತಿ ಎಳೆದ. ಎದುರು ಕೂತು ಬರೆಯಲು ಅವಳಿಗೆ ನಾಚಿಕೆಯಾದರೆ ದೂರ ಕೂತಾದರೂ ಮಾತಾಡಲಿ ಎಂದು.

ಕಂಪ್ಯೂಟರ್ ಸಂಘದ ವಾಸೊ ಸಹಾಯಕ್ಕೆ ಬಂದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದ ಗ್ರೀಕ್ ಹೆಂಗಸು, ಬಾಯಿ ಜೋರು.

"ತಂತಿ ಎಳೆದ್ರೆ ಸಾಲದು ಕಣೋ ಕ್ಲಾರಿ. ಇದು ಒಂದ್ಸಲಕ್ಕೆ ಒಂದೇ ಕೆಲಸ ಮಾಡೋ ಮೊಂಡು ಮಷೀನು. ಮರ್ಲ್ ಕೇಕಿನ ಲೆಕ್ಕ ಬರ್ಕೊಳ್ತಾ ಕೂತ್ರೆ ನಿನ್ನ ಮಾತು ಕೇಳಿಸ್ಕೊಳ್ಳೋರು ಯಾರು? ಯುನಿಕ್ಸ್ ಅನ್ನೋ ಸಿಸ್ಟಮ್ ಥರದ್ದು ಒಂದು ಹಾಕ್ತೀನಿ. ಎಲ್ಲಾ ಕೆಲಸಕ್ಕೂ ಚೂರುಚೂರು ಸರದಿ ಕೊಡುತ್ತೆ."

"ಒಂದೇ ಲೈನಲ್ಲಿ ಅಷ್ಟೊಂದು ಗಾಡಿನಾ? ಡಿಕ್ಕಿ ಹೊಡೆಯಲ್ವಾ?"

"ದಾರಿ ಬಿಡೋ ಟೋಕನ್ ಯಾರ ಕೈಲಿದ್ಯೋ ಅವರದ್ದು ಮಾತ್ರ ಓಡುತ್ತೆ. ನಿಮ್ಮ ಕ್ಯಾಬಿನ್ ಥರಾನೇ. ಸ್ವಲ್ಪ ಅವಸರ ಜಾಸ್ತಿ, ಅಷ್ಟೆ."

ಫ್ಲಾಪಿ ಗೊರಗೊರ ಅಂದು ಅರ್ಧಕ್ಕೆ ನಿಂತಿತು. ವಾಸೊ ತನ್ನ ಭಾಷೆಯಲ್ಲಿ ಏನೋ ಶಪಿಸಿ ಬೇರೆ ಫ್ಲಾಪಿ ಹಾಕಿದಳು; ಈ ಸಲ ಪರದೆಯ ಮೇಲೆ ಚೌಕದ ಗುರುತು ಮಿಟುಕಿತು. ಎರಡೂ ಮಷೀನಿನಲ್ಲಿ ಬೇರೆ ಕೆಲಸಗಳ ಹಿಂದೆ ಕೂತು ಸದಾ ಆಲಿಸುವ ಒಂದು ಪ್ರೋಗ್ರಾಂ ಓಡಿಸಿ ಅದಕ್ಕೆ 'ಕಿವಿ' ಎಂದು ಹೆಸರಿಟ್ಟಳು. ಕ್ಲಾರಿ ಶೆಡ್ಡಿನಿಂದ "ಹಲೋ" ಎಂದು ಟೈಪ್ ಮಾಡಿದ. ಮರ್ಲ್ "ಹೂಂ" ಎಂದಳು. ಬರೀ "ಹೂಂ", ಆದರೂ ಮುದುಕ ಶೆಡ್ಡಿನಲ್ಲಿ ಕುಣಿಯುವುದೊಂದು ಬಾಕಿ.

ಆಮೇಲೆ ಏನೂ ಬರಲಿಲ್ಲ. ದಿನಾ ಕ್ಲಾರಿ ಟೊಮೆಟೊ ಗಿಡಗಳಿಗೆ ನೀರು ಹಾಕಿ, ಶೆಡ್ಡಿನಲ್ಲಿ ಕೂತು ಹಳೆಯ ರೈಲುಗಳ ವೇಳಾಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುತ್ತಾ ಕಾದ. ಒಂದು ಬೆಳಿಗ್ಗೆ ನೋಡಿದರೆ ಮರ್ಲ್ ತನ್ನ ಮಷೀನಿಗೆ ಬಟ್ಟೆ ಹೊದಿಸಿಬಿಟ್ಟಿದ್ದಳು. ನನ್ನ ಜೊತೆ ಮಾತೇ ಬೇಡವಾಯಿತು ಅವಳಿಗೆ ಎಂದುಕೊಂಡ.

ಭಾನುವಾರ ವಾಸೊ ಕಿತ್ತಳೆ ಕೇಕು ಹಿಡಿದು ಬಂದವಳು ಶೆಡ್ಡಿನ ಪರದೆ ನೋಡಿ ಹುಬ್ಬು ಗಂಟಿಕ್ಕಿದಳು.

"ಕಿವಿ ಎಲ್ಲೋ?"

"ನಾನೇ ಮುಚ್ಚಿದೆ. ಅವಳ 'ಹೂಂ' ಬಂತಲ್ಲ, ಗಾಡಿ ದಾಟ್ತು. ಆಮೇಲೆ ವೇಳಾಪಟ್ಟಿ ತೆಗೆದೆ. ಒಂದು ಮುಗಿಸದೆ ಇನ್ನೊಂದು ಹೇಗೆ?"

ವಾಸೊಗೆ ನಗು ಉಕ್ಕಿತು. ಅವನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದಳು.

"ಅಯ್ಯೋ ಲಿವರಪ್ಪ! ಇಷ್ಟೆಲ್ಲಾ ಒದ್ದಾಡಿ ಹಾಕಿದ್ದೇ ಮುಚ್ಚದೆ ಇರ್ಲಿ ಅಂತ. ಪಾಪ, ಅವಳು ಇಷ್ಟು ದಿನ ಗೋಡೆಗೆ ಹೇಳಿರ್ತಾಳೆ."

ಕ್ಲಾರಿ ಅಡುಗೆಮನೆಗೆ ಹೋಗಿ ಬಾಗಿಲಲ್ಲೇ ನಿಂತ. "ಮರ್ಲ್, ನೀನು ಬರೆದಿದ್ದು ಒಂದೂ ನನಗೆ ಬಂದಿಲ್ಲ. ಲೈನ್ ಮುಚ್ಚಿದ್ದೋನು ನಾನೇ. ಇನ್ಮೇಲೆ ಮುಚ್ಚಲ್ಲ." ಮರ್ಲ್ ತಿರುಗಿ ನೋಡದೆ ಪಾತ್ರೆ ಒರೆಸುತ್ತಲೇ ಇದ್ದಳು. ಅವನು ವಾಸೊಳನ್ನು ಬೀಳ್ಕೊಟ್ಟು ಶೆಡ್ಡಿಗೆ ವಾಪಸಾಗಿ, ಕಿವಿ ತೆರೆದು, ಅದನ್ನು ಹಾಗೇ ಬಿಟ್ಟು ವೇಳಾಪಟ್ಟಿ ತೆಗೆದ. ಕಿವಿ ಮುಚ್ಚಿಬಿಡಲು ಕೈ ತುರಿಸುತ್ತಿತ್ತು. ತಡೆದುಕೊಂಡ.

ಎಷ್ಟೋ ಹೊತ್ತಿನ ಮೇಲೆ, ವೇಳಾಪಟ್ಟಿಯ ಕೆಳಗೆ, ಒಂದು ಸಾಲು ಮೂಡಿತು.

"ಲೈನ್ ಕ್ಲಿಯರಾ?"

ಮದುವೆಯಾದ ಹೊಸದರಲ್ಲಿ ಊಟದ ಡಬ್ಬಿ ತರುವ ಮೊದಲು ಕ್ಯಾಬಿನ್ನಿಗೆ ಫೋನ್ ಮಾಡಿ ಅವಳು ಕೇಳುತ್ತಿದ್ದದ್ದು ಇದನ್ನೇ. ಕ್ಲಾರಿಯ ಕಣ್ಣು ಮಂಜಾಯಿತು. "ಕ್ಲಿಯರ್" ಎಂದು ಒತ್ತಿದ.

"ಹಾಳು ಮುದುಕ. ನಾನು ಇಲ್ಲಿ ಬರೆದು ಬರೆದು ಸಾಯ್ತಿದ್ರೆ ನೀನು ಟೊಮೆಟೊಗೆ ನೀರು ಹಾಕ್ತಿದ್ದೆ."

ಎಷ್ಟು ಸೊಗಸಾದ ಬೈಗುಳ! ಅವನು ನಗುತ್ತಿರುವಾಗಲೇ ಮುಂದಿನ ಸಾಲು ಬಂತು.

"ಗುರುವಾರ ಮತ್ತೆ ಡಾಕ್ಟ್ರು ನೋಡ್ತಾರಲ್ಲ. ಭಯ ಆಗ್ತಿದೆ ಕ್ಲಾರಿ. ಅದನ್ನೇ ದಿನಾ ಬರೀತಿದ್ದೆ."

ಕ್ಲಾರಿ ಎದ್ದ. ವೇಳಾಪಟ್ಟಿ ಮುಚ್ಚಲಿಲ್ಲ, ಕಿವಿ ಮುಚ್ಚಲಿಲ್ಲ, ಶೆಡ್ಡಿನ ಬಾಗಿಲನ್ನೂ ಎಳೆಯದೆ ತೋಟ ದಾಟಿ ಓಡಿದ. ಹಿಂದೆ ಖಾಲಿ ಶೆಡ್ಡಿನಲ್ಲಿ, ಯಾರೂ ಇಲ್ಲದಿದ್ದರೂ, ಪರದೆಯ ಮೇಲೆ ಇನ್ನೊಂದು ಸಾಲು ಬಂದು ಕೂತಿತು: "ಬರೋದಾದ್ರೆ ಬೂಟು ಬಿಚ್ಚಿ ಬಾ, ಈಗ ತಾನೇ ನೆಲ ಒರೆಸಿದ್ದೀನಿ."

ಕ್ಲಾರಿ ಕೆಸರಿನ ಬೂಟಲ್ಲೇ ಒಳಗೆ ನುಗ್ಗಿ ಅವಳ ಕೈ ಹಿಡಿದುಕೊಂಡ. ಮರ್ಲ್ ಒಮ್ಮೆ ನೆಲವನ್ನು ನೋಡಿದಳು, ಒಮ್ಮೆ ಅವನನ್ನು ನೋಡಿದಳು, ಕೈ ಬಿಡಿಸಿಕೊಳ್ಳಲಿಲ್ಲ.