ಪಕ್ಕದ ಸೀಟಿನ ಕೂಗು

ಇವತ್ತು ಬೆಳಿಗ್ಗೆ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ತಲೆಕೆಳಗು ಮಾಡಿದರೂ ಒಂದು ತೊಟ್ಟು ಬೀಳಲಿಲ್ಲ. ಅರಸೀಕೆರೆಯ ಚಳಿಗಾಲವೇ ಹಾಗೆ, ಬೆಳಗಾಗುವುದರೊಳಗೆ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಬಾಟಲಿಯನ್ನು ಕಾಂಪೌಂಡಿನ ಮೇಲೆ ಬಿಸಿಲಿಗಿಟ್ಟು ಕಾಯುತ್ತ ನಿಂತೆ. ಅಂಚು ಕರಗಿ ಘಮ್ಮೆಂದಾಗ ನನಗೆ ನೆನಪಾದದ್ದು ಒಂದು ಕೆಂಪು ಕಾರು. ಅದರ ಹಿಂದೆಯೇ ಡ್ರೈವರ್ ಮಾವ…

ಮಾವ ಅಂದರೆ ನೆಂಟರಲ್ಲ, ಪಕ್ಕದ ಮನೆಯವರು. ರೈಲ್ವೆಯಲ್ಲಿ ಡೀಸೆಲ್ ಇಂಜಿನ್ ಓಡಿಸಿ ನಿವೃತ್ತರಾದವರು, ಮದುವೆಯ ಗೋಜಿಗೇ ಹೋಗದವರು. ನಾನಾಗ ಗಂಡನ ಮನೆಯ ಸಹವಾಸ ಸಾಕೆಂದು ಬಿಟ್ಟುಬಂದು, ಒಂದು ಕಚೇರಿಯಲ್ಲಿ ಕೆಲಸ ಹಿಡಿದು, ಆ ಬೀದಿಯಲ್ಲಿ ಒಬ್ಬಳೇ ಬಾಡಿಗೆಗಿದ್ದೆ. ಬೀದಿಯವರಿಗೆ ನಮ್ಮಿಬ್ಬರ ಬಗ್ಗೆ ಕುತೂಹಲ ಜಾಸ್ತಿ, ನಮ್ಮೊಂದಿಗೆ ಮಾತು ಕಡಿಮೆ. ಹಬ್ಬಕ್ಕೆ ಒಬ್ಬಟ್ಟು ತಂದವರೂ ಹೊಸ್ತಿಲಾಚೆ ನಿಂತು, ಒಳಗೊಮ್ಮೆ ಇಣುಕಿ ಹೋಗುತ್ತಿದ್ದರು.

ನಿವೃತ್ತಿಯಾದವರು ಸೈಟು ಕೊಳ್ಳುತ್ತಾರೆ, ತೋಟ ಕೊಳ್ಳುತ್ತಾರೆ. ಈ ಪುಣ್ಯಾತ್ಮ ಎರಡೇ ಬಾಗಿಲಿನ ಹಳೆಯ ಕೆಂಪು ಟರ್ಬೊ ಕಾರು ಕೊಂಡು ತಂದರು.

"ಜೀವ್ಮಾನವೆಲ್ಲ ಹಳಿ ಹೇಳ್ದಂಗೆ ಹೋದೆ ಕಣವ್ವ. ಸ್ಟೀರಿಂಗೇ ಇರ್ಲಿಲ್ಲ. ಇನ್ಮೇಲೆ ಬೇಕಾದ ಕಡೆ ತಿರುಗ್ತೀನಿ" ಅಂದರು.

ಅವತ್ತಿನಿಂದ ಕಾರಿಗೆ ಬಾಣಂತಿಯ ಉಪಚಾರ. ಮೊದಲು ಬ್ರೇಕು, ಟೈರು ಹೊಸದಾದವು. ನಿಲ್ಲಿಸಲು ಬಾರದವನು ಓಡಿಸಬಾರದು ಎನ್ನುವುದು ಅವರ ಮೊದಲ ಪಾಠ. ಆಮೇಲೆ ಹೊಗೆ ಹೋಗುವ ಕೊಳವೆ ಅಗಲವಾಯಿತು. ಟರ್ಬೊದ ಒತ್ತಡಕ್ಕೆ ಬಿಸಿಯಾದ ಗಾಳಿಯನ್ನು ತಣಿಸಲು ಇಂಟರ್‌ಕೂಲರ್ ಎಂಬ ದೊಡ್ಡ ಜಾಲರಿ ಬಂತು. ಕೊನೆಗೆ ಹತ್ತಿಬಟ್ಟೆಯ ಏರ್ ಫಿಲ್ಟರ್. ತೊಳೆದು, ಒಣಗಿಸಿ, ಅದಕ್ಕೆಂದೇ ಬರುವ ಎಣ್ಣೆ ಸವರಿ ಮತ್ತೆ ಹಾಕುವಂಥದ್ದು. ತಣ್ಣನೆಯ ಗಾಳಿ ನೇರವಾಗಿ ಸಿಗಲೆಂದು ಅದನ್ನು ಕಾರಿನ ಮೂತಿಯ ಹತ್ತಿರವೇ ಕೂರಿಸಿದರು.

"ಟರ್ಬೊ ಅಂದ್ರೆ ಇಷ್ಟೇಯ. ಇಂಜಿನ್ನು ಬಿಟ್ಟ ಉಸಿರಿಗೇ ಚಕ್ರ ತಿರುಗಿ, ಹೊಸ ಉಸಿರು ಒಳಕ್ಕೆ ನುಗ್ತದೆ."

"ನನಗೂ ಒಂದು ಹಾಕಿಸಿಬಿಡಿ ಮಾವ, ಬರೀ ನಿಟ್ಟುಸಿರು ಬಿಡೋದೇ ಆಗಿದೆ" ಎಂದಿದ್ದೆ. ಅವರು ನಗಲಿಲ್ಲ. ಭಾನುವಾರ ಬಾ, ಸುತ್ತಾಡಿಕೊಂಡು ಬರೋಣ ಎಂದರು.

ಹಾಗೆ ಶುರುವಾಯಿತು. ಜಾವಗಲ್ ದಾಟಿ ಹಳೇಬೀಡು, ಅಲ್ಲಿಂದ ಬೇಲೂರು, ಒಂದು ಕಾಫಿ, ವಾಪಸ್. ರೈಲು ಇಂಜಿನ್ನಿನಲ್ಲಿ ಸಿಗ್ನಲ್ ಕಂಡರೆ ಒಬ್ಬರು ಕೂಗಬೇಕು, ಜೊತೆಯವರು ಅದನ್ನೇ ತಿರುಗಿ ಕೂಗಬೇಕಂತೆ. ಇಬ್ಬರ ಬಾಯಲ್ಲೂ ಬಂದರೆ ಮಾತ್ರ ಅದು ನಿಜ. ಕಾರಿನಲ್ಲೂ ಅದೇ ರೂಢಿ. ಮಾವ "ಮುಂದೆ ಹಂಪ್!" ಎಂದರೆ ನಾನು "ಹಂಪ್!" ಎನ್ನಬೇಕು. ಮೊದಮೊದಲು ನನಗೆ ನಗು ತಡೆಯಲಾಗುತ್ತಿರಲಿಲ್ಲ. ಕೆಲವು ತಿಂಗಳಾದ ಮೇಲೆ, "ಈಗ ಪಳಗಿದ್ದೀಯ, ಇನ್ಮೇಲೆ ನೀನೇ ಮೊದ್ಲು ಕೂಗು" ಎಂದರು. ಬಡ್ತಿ ಸಿಕ್ಕಿತೆಂದು ಬೀಗಿದೆ. ನಾನು "ಎಡಕ್ಕೆ ಟ್ರಾಕ್ಟರ್!" ಅಂದರೆ ಅವರು "ಟ್ರಾಕ್ಟರ್!" ಅನ್ನುವರು. ವಾರವೆಲ್ಲ ಗೋಡೆಯ ಜೊತೆ ಮಾತಾಡುತ್ತಿದ್ದವಳಿಗೆ, ತನ್ನ ಮಾತನ್ನು ಇನ್ನೊಬ್ಬರು ತಿರುಗಿ ಹೇಳುವುದೇ ದೊಡ್ಡ ಸುಖವಾಗಿತ್ತು.

ಮನೆ ಮುಂದೆ ಬಂದು ನಿಂತರೂ ಅವರು ಇಂಜಿನ್ ಆಫ್ ಮಾಡುತ್ತಿರಲಿಲ್ಲ. ಓಡಿ ಬಂದ ಟರ್ಬೊ ಕೆಂಡವಾಗಿರುತ್ತದೆ, ತಟ್ಟನೆ ನಿಲ್ಲಿಸಿದರೆ ಅದರೊಳಗಿನ ಎಣ್ಣೆ ಸುಟ್ಟುಹೋಗುತ್ತದೆ, ಅದು ತಣಿಯುವ ತನಕ ಕಾಯಬೇಕು. ಆ ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ಕೂತಿರುತ್ತಿದ್ದೆವು. ಎಷ್ಟೋ ಸಲ ಇಳಿಯಲು ಮನಸ್ಸೇ ಬರುತ್ತಿರಲಿಲ್ಲ. ನನಗೆ ಕಾರು ಓಡಿಸಲು ಕಲಿಸಿದವರೂ ಅವರೇ, ಊರಾಚೆಯ ಖಾಲಿ ರಸ್ತೆಯಲ್ಲಿ.

ಇಂಥದೇ ಒಂದು ಚಳಿಗಾಲದಲ್ಲಿ ಫಿಲ್ಟರಿಗೆ ಸವರುವ ಎಣ್ಣೆ ಮುಗಿದಿತ್ತು. ತರಿಸಬಹುದಿತ್ತು. "ತೆಂಗಿನ ಸೀಮೇಲಿ ಎಣ್ಣೆಗೆ ಬರವಾ?" ಎಂದು ಮಾವ ಗಾಣದ ಕೊಬ್ಬರಿ ಎಣ್ಣೆಯನ್ನೇ ಧಾರಾಳವಾಗಿ ಬಳಿದರು. ಮರುದಿನ ಬೆಳಿಗ್ಗೆ ಮಂಜಿನಲ್ಲಿ ಹೊರಟೆವು. ಜಾವಗಲ್ ದಾಟುವಾಗಲೇ ಕಾರು ಏದುಸಿರು ಬಿಡತೊಡಗಿತು. ಕುಂಟುತ್ತ ಹಳೇಬೀಡಿನ ಕೆರೆಯ ಏರಿಯನ್ನು ತಲುಪಿ ಬಾನೆಟ್ ಎತ್ತಿದರೆ, ಫಿಲ್ಟರ್ ತುಂಬ ಬೆಳ್ಳಗೆ ಹೆಪ್ಪುಗಟ್ಟಿದ ಎಣ್ಣೆ. ಉಸಿರಾಡಲು ಸಂದೇ ಇರಲಿಲ್ಲ. ಮಾವ ಅದನ್ನು ಬಿಚ್ಚಿ ಕಲ್ಲಿನ ಮೇಲೆ ಎಳೆಬಿಸಿಲಿಗಿಟ್ಟರು.

ಕುರಿ ಹೊಡೆದುಕೊಂಡು ಹೋಗುತ್ತಿದ್ದವನೊಬ್ಬ ನಿಂತು ಮೂಸಿ ನೋಡಿದ. "ಏನ್ ಸ್ವಾಮಿ, ಕಾರಿಗೂ ಎಣ್ಣೆಸ್ನಾನ ಐತಾ ಇವತ್ತು? ಸೀಗೇಪುಡಿ ತರನಾ?"

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅವನು ಹೋದ ಮೇಲೆ ಮಾವ ಕೆರೆಯ ಕಡೆ ತಿರುಗಿ ಕೂತರು.

"ಆಚೆ ದಡದಲ್ಲಿ ಏನೈತೆ, ಹೇಳು."

"ಎಮ್ಮೆ ಮೇಯ್ತಿವೆ, ಕಾಣಲ್ವಾ?"

"ಇಲ್ಲ ಕಣವ್ವ. ದೂರದ್ದು ಏನೂ ಕಾಣ್ತಿಲ್ಲ. ಕಣ್ಣಿನ ಹಿಂದಿನ ನರ ಸಾಯ್ತಾ ಐತಂತೆ, ಆಪರೇಷನ್ನೂ ಇಲ್ವಂತೆ. ನೀನು ಕೂಗಿದ್ದನ್ನ ನಾನು ತಿರುಗಿ ಹೇಳ್ತಿದ್ದೆ, ಅಷ್ಟೇಯ."

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಇಬ್ಬರೂ ಸಾಯುತ್ತಿದ್ದೆವಲ್ಲ, ದಾರಿಹೋಕರನ್ನೂ ಕೊಲ್ಲುತ್ತಿದ್ದೆವಲ್ಲ ಎಂದು ಕೂಗಾಡಿದೆ. ಅವರು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು.

"ತಪ್ಪೇಯ. ಆದ್ರೆ ಹೇಳಿದ್ರೆ ನೀನು ಬತ್ತಿದ್ಯಾ? ಭಾನುವಾರ ಅನ್ನೋದು ಇರ್ತಿತ್ತಾ?"

ಎಣ್ಣೆ ಕರಗಿ ಕಲ್ಲಿನ ಮೇಲೆ ಇಳಿಯಿತು. ಮಾವ ಫಿಲ್ಟರನ್ನು ಒರೆಸಿ, ತಡಕಾಡಿ ಜೋಡಿಸಿ, ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು ಪಕ್ಕದ ಸೀಟಿನಲ್ಲಿ ಕೂತರು.

ಬೇಲೂರಿಗೆ ಹೋಗದೆ ಅಲ್ಲಿಂದಲೇ ತಿರುಗಿದೆವು. ದಾರಿಯುದ್ದಕ್ಕೂ ನಾನೇ ಓಡಿಸಿದೆ, ನಾನೇ ಕೂಗಿದೆ, ಅವರು ತಿರುಗಿ ಹೇಳಿದರು. ಮನೆ ಮುಂದೆ ಇಂಜಿನ್ ಆಫ್ ಮಾಡದೆ ಕೂತೆವು. ಟರ್ಬೊ ಯಾವಾಗಲೋ ತಣ್ಣಗಾಗಿತ್ತು, ಇಬ್ಬರಿಗೂ ಗೊತ್ತಿತ್ತು. "ಸಾಕು, ಆಫ್ ಮಾಡವ್ವ" ಎಂದು ಕೊನೆಗೆ ಅವರೇ ಹೇಳಬೇಕಾಯಿತು.

ಕಾರು ಮಾರಿ ಅವರು ಗದಗಿನ ಕಡೆ ತಂಗಿಯ ಮನೆಗೆ ಹೋದರು. ಭಾನುವಾರ ಫೋನ್ ಮಾಡಿ "ಸಿಗ್ನಲ್?" ಎನ್ನುತ್ತಿದ್ದರು. "ಗ್ರೀನ್ ಮಾವ" ಎಂದರೆ "ಗ್ರೀನ್" ಎಂದು ಸಮಾಧಾನಪಡುತ್ತಿದ್ದರು. ಒಂದು ಭಾನುವಾರ ಫೋನ್ ಬರಲಿಲ್ಲ. ಸಂಜೆ ನಾನೇ ಮಾಡಿದಾಗ ತಂಗಿ ಎತ್ತಿಕೊಂಡು ಅತ್ತರು…

ಬಾಟಲಿಯ ಎಣ್ಣೆ ಈಗ ಪೂರ್ತಿ ಕರಗಿದೆ. ಇವತ್ತೂ ಭಾನುವಾರ. ನನ್ನದೀಗ ಟರ್ಬೊ ಗಿರ್ಬೊ ಏನೂ ಇಲ್ಲದ ಬಡಪಾಯಿ ಕಾರು, ಆಫ್ ಮಾಡುವ ಮುಂಚೆ ಕಾಯುವ ಅಗತ್ಯವೇ ಇಲ್ಲ. ಆದರೂ ಕಾಯುತ್ತೇನೆ. ಹಳೇಬೀಡಿನ ದಾರಿಗೆ ತಿರುಗಿದ ಕೂಡಲೇ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. "ಮುಂದೆ ಹಂಪ್!" ಎಂದು ಕೂಗುತ್ತೇನೆ. ಕಾರು ಹಂಪ್ ಹತ್ತಿ ಇಳಿಯುತ್ತದೆ. ಪಕ್ಕದ ಸೀಟಿನಿಂದ ಯಾರೂ ತಿರುಗಿ ಹೇಳುವುದಿಲ್ಲ.