ತಂತಿಯ ಕಡೆ, ದಾರದ ಕಡೆ

“ಪಾಪ, ಕಣ್ಣಿಲ್ಲದ ಹೆಂಗಸು. ಮ್ಯೂಸಿಕ್ ಪ್ಲೇಯರಿನ ಗುಂಡಿ ತಪ್ಪಿ ಒತ್ತಿ ತಮ್ಮ ಹಾಡನ್ನು ತಾವೇ ಅಳಿಸಿಕೊಂಡರು. ಬೇರೆಯವರಿಗೆ ಹಾಗಾಗದಿರಲಿ ಎಂದು ಆಮೇಲೆ ಆ ಪಾಠ ಮಾಡಿಟ್ಟರು.”

ಸಾಂತಾಕ್ರೂಜಿನ ನಮ್ಮ ಬಿಲ್ಡಿಂಗಿನಲ್ಲಿ ಈ ಮಾತು ಈಗ ಇತಿಹಾಸವಾಗಿಬಿಟ್ಟಿದೆ. ಶೋಕಸಭೆಯಲ್ಲಿ ಸೊಸೈಟಿಯ ಸೆಕ್ರೆಟರಿ ಇದನ್ನು ಹೇಳಿದರು. ಕನ್ನಡ ಸಂಘದ ಸ್ಮರಣ ಸಂಚಿಕೆ ಇದನ್ನೇ ಅಚ್ಚು ಮಾಡಿತು. ಸಂಚಿಕೆಯನ್ನು ಓದಿದವರು ಮತ್ತೆ ಇದನ್ನೇ ಹೇಳುತ್ತಿದ್ದಾರೆ. ನಾನು ಹಗಲು ಪರೇಲಿನ ಗಿರಣಿಯೊಂದರ ಉಗ್ರಾಣದಲ್ಲಿ ದುಡಿದು, ಸಂಜೆ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವನು. ಅಚ್ಚಾದದ್ದೆಲ್ಲ ನಿಜವೆಂಬ ಭಕ್ತಿ ಮೊದಮೊದಲು ನನ್ನಲ್ಲಿ ಬಹಳವಿತ್ತು. ಓದುತ್ತ ಓದುತ್ತ ಅದು ಕರಗಿತು. ಮೇಲಿನ ಮಾತಿನಲ್ಲಿ ‘ಕಣ್ಣಿಲ್ಲದ ಹೆಂಗಸು’ ಎಂಬಷ್ಟು ಮಾತ್ರ ಸರಿ. ‘ಪಾಪ’ದಿಂದ ಮೊದಲುಗೊಂಡು ಉಳಿದದ್ದೊಂದನ್ನೂ ನಾನು ಒಪ್ಪುವುದಿಲ್ಲ.

ಅವರ ಬಲಗೈಯ ತೋರುಬೆರಳು ಮತ್ತು ನಡುಬೆರಳುಗಳ ತುದಿಯಲ್ಲಿ ತಂಬೂರಿಯ ತಂತಿ ಕೊರೆದ ಗೀರುಗಳಿದ್ದವು. ಚರ್ಮ ಹಳೆಯ ಚಪ್ಪಲಿಯ ಅಟ್ಟೆಯಂತೆ ಗಟ್ಟಿಯಾಗಿ, ಬ್ರೈಲ್ ಚುಕ್ಕೆಗಳು ಆ ಬೆರಳುಗಳಿಗೆ ತಿಳಿಯುತ್ತಲೇ ಇರಲಿಲ್ಲ. ಆದ್ದರಿಂದ ಅವರು ಓದುತ್ತಿದ್ದುದು ಕಿರುಬೆರಳಿನಿಂದ. ಹೊಸ ವಸ್ತು ಯಾವುದೇ ಕೈಗೆ ಬರಲಿ, ಮೊದಲು ಕಿರುಬೆರಳು ಮುಂದೆ ಹೋಗಿ ಅಂಚು, ಉಬ್ಬು, ತಗ್ಗುಗಳನ್ನು ವಿಚಾರಿಸಿಕೊಂಡು ಬರುತ್ತಿತ್ತು. ಉಳಿದ ಬೆರಳುಗಳು ಅಷ್ಟು ಹೊತ್ತೂ ಹಿಂದೆ ಮಡಚಿಕೊಂಡು ಕಾಯುತ್ತಿದ್ದವು.

ಧಾರವಾಡದ ಕಡೆಯವರು. ನೆಲಮಹಡಿಯ ತಮ್ಮ ಮನೆಯಲ್ಲಿ ಹಿಂದೂಸ್ತಾನಿ ಗಾಯನ ಕಲಿಸುತ್ತಿದ್ದರು. ಆ ಸೀಮೆಯಲ್ಲಿ ಪಾಠ ಹೇಳುವ ಹೆಣ್ಣುಮಕ್ಕಳನ್ನು ಅಕ್ಕೋರು ಎನ್ನುತ್ತಾರೆ. ನಾವು ನಾಲ್ಕು ಕನ್ನಡ ಮನೆಗಳವರು ಹಾಗೆ ಕರೆದದ್ದನ್ನು ಕೇಳಿ, ಅದೇ ಅವರ ಹೆಸರೆಂದು ತಿಳಿದು, ಗುಜರಾತಿ ನೆರೆಯವರೂ ಲಿಫ್ಟಿನವನೂ ‘ಅಕ್ಕೋರುಜೀ’ ಎನ್ನುತ್ತಿದ್ದರು. ವಿನಯ ಅವರಲ್ಲಿ ಇರಲಿಲ್ಲ. ಇದ್ದಿತೆಂದು ಸಂಚಿಕೆಯಲ್ಲಿ ಬರೆದಿರುವುದೂ ತಪ್ಪು. ಸಂಜೆ ಮುಡಿಗೆ ಮೊಗರಾ ಮಲ್ಲಿಗೆಯ ಮಾಲೆ ಬೇಕೇಬೇಕು. ಹಾಡಿದ ಮೇಲೆ ಹೊಗಳುವುದು ತಡವಾದರೆ, “ಎಲ್ಲಾರೂ ಮಲಗೀರೇನು?” ಎಂದು ಕೇಳುತ್ತಿದ್ದರು. ಲೋಕಲ್ ರೈಲಿನಲ್ಲಿ ನಿಲ್ದಾಣಗಳ ಹೆಸರು ಹೇಳುವ ಹೆಣ್ಣುದನಿಯನ್ನೂ ಬಿಟ್ಟವರಲ್ಲ. “ಈಕಿ ಬಾಂದ್ರಾ ತನಕ ಶ್ರುತಿಯೊಳಗ ಇರತಾಳ, ಮುಂದ ಇಳದ ಹೋಗತಾಳ,” ಎಂದು ಬೋಗಿಯಲ್ಲಿ ಎಲ್ಲರಿಗೂ ಕೇಳುವಂತೆ ದೂರುತ್ತಿದ್ದರು.

ಇನ್ನು ಆ ಪಾಠದ ವಿಷಯ. ಪರೇಲಿನಲ್ಲಿ ನನ್ನ ಗಿರಣಿಯ ದಿನಗಳಿಂದ ಪರಿಚಯದ ಉಡುಪಿ ಹೋಟೆಲೊಂದಿದೆ. ಅದರ ಮಾಲೀಕರಿಗೆ ಸಕ್ಕರೆ ಕಾಯಿಲೆಯಿಂದ ಇಳಿವಯಸ್ಸಿನಲ್ಲಿ ಕಣ್ಣು ಹೋಯಿತು. ಅವರ ಅಣ್ಣ ಹವ್ಯಾಸಿ ಯಕ್ಷಗಾನ ತಂಡದ ಭಾಗವತರು, ಎಂದರೆ ಆಟದ ಪದಗಳನ್ನೆಲ್ಲ ಹಾಡುವವರು. ಅವರು ತೀರಿಕೊಂಡ ಮೇಲೆ ಉಳಿದದ್ದು ಎರಡು ಧ್ವನಿಮುದ್ರಣಗಳು; ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಒಂದು ಮ್ಯೂಸಿಕ್ ಪ್ಲೇಯರಿನಲ್ಲಿ, ಹತ್ತಾರು ಭಜನೆಗಳ ನಡುವೆ. ಕಂಪ್ಯೂಟರಿಗೆ ಇಳಿಸಿಕೊಡುತ್ತೇನೆಂದು ಹೋಟೆಲಿನ ಕ್ಯಾಷಿಯರ್, ಎರಡು ಕಣ್ಣೂ ನೆಟ್ಟಗಿರುವವನು, ಅವುಗಳಲ್ಲಿ ಒಂದನ್ನು ಅಳಿಸಿಬಿಟ್ಟ. ಅಂದಿನಿಂದ ಮಾಲೀಕರು ಆ ಯಂತ್ರವನ್ನು ಸ್ಟೀಲ್ ಡಬ್ಬಿಯೊಳಗಿಟ್ಟು ಮುಚ್ಚಿದರು. ಬೇರೆಯವರು ಮುಟ್ಟುವಂತಿಲ್ಲ, ತಾವು ಮುಟ್ಟಲು ಧೈರ್ಯವಿಲ್ಲ. ಭಯಕ್ಕೆ ಕಾರಣವಿತ್ತು. ಹಾಡನ್ನು ಶುರುಮಾಡುವ ನಡುವಿನ ಗುಂಡಿಯೇ, ಯಂತ್ರ ‘ಅಳಿಸಲೇ?’ ಎಂದು ಪರದೆಯ ಮೇಲೆ ಕೇಳಿದಾಗ ‘ಹೌದು’ ಎನ್ನುವ ಗುಂಡಿಯೂ ಆಗಿತ್ತು. ಯಂತ್ರ ಏನು ಕೇಳುತ್ತಿದೆಯೆಂದು ಕಾಣದವರಿಗೆ ತಿಳಿಯುವ ಬಗೆಯೇ ಇರಲಿಲ್ಲ. ತಯಾರಕರ ಪುಸ್ತಿಕೆಯಲ್ಲಿ ಚಿತ್ರಗಳೂ ಬಾಣದ ಗುರುತುಗಳೂ ಮಾತ್ರ.

ನಾನು ಇದನ್ನು ಅಕ್ಕೋರಿಗೆ ಹೇಳಿದೆ. ಅವರಿಗೂ ಅಂಥದೇ ಯಂತ್ರ ಬೇಕೆನಿಸಿತು. ಬಾಂದ್ರಾದ ಹಳೆಯ ಸಾಮಾನಿನ ಅಂಗಡಿಯಲ್ಲಿ ಅದೇ ಮಾದರಿಯದನ್ನು ಹುಡುಕಿ ತಂದುಕೊಟ್ಟೆ.

ಅವರು ಅದನ್ನು ಕಲಿತ ರೀತಿಯೇ ಬೇರೆ. ಚಾರ್ಜು ಮಾಡಲು ಬಿಡಲಿಲ್ಲ. ಹಲವು ದಿನ ಆ ಸತ್ತ ಯಂತ್ರವನ್ನು ಮಡಿಲಿನಲ್ಲಿಟ್ಟುಕೊಂಡು, ಶಿಷ್ಯೆಯರ ತಪ್ಪು ತಿದ್ದುತ್ತ, ಕಿರುಬೆರಳಿನಿಂದ ಸವರುತ್ತ ಕೂತರು. “ಮೊದಲ ಮೈ ಗೊತ್ತಾಗಲಿ, ಆಮ್ಯಾಲೆ ಜೀವ ಬರಲಿ,” ಎಂದರು. ಜೀವ ಬಂದ ಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡರು. ಗುಂಡಿ ಒತ್ತಿ, ಪರದೆಯ ಮೇಲೆ ಏನಿರಬಹುದೆಂದು ತಾವು ಮೊದಲು ಹೇಳುವರು. ಸರಿಯೋ ತಪ್ಪೋ ಎಂಬುದಷ್ಟೇ ನನ್ನ ಉತ್ತರವಾಗಬೇಕು. ಕೆಲವು ವಾರಗಳಲ್ಲಿ ನನಗೆ ತಪ್ಪು ಎನ್ನುವ ಸಂದರ್ಭವೇ ಒದಗದಾಯಿತು.

ಕಾಣದವರು ಕೇಳಿ ಕಲಿಯುವಂಥ ಪಾಠದ ಮೊದಲ ಕರಡನ್ನು ಬರೆದವನು ನಾನು. ‘ಮೇಲಿನ ಗುಂಡಿ’, ‘ಕೆಳಗಿನ ಗುಂಡಿ’ ಎಂದು ಅಚ್ಚುಕಟ್ಟಾಗಿ ಬರೆದು, ಅದೇ ಯಂತ್ರದಲ್ಲಿ ನನ್ನ ದನಿಯಲ್ಲಿ ಓದಿಟ್ಟೆ. ಅಕ್ಕೋರು ನನ್ನನ್ನು ಲೋಕಲಿಗೆ ಹತ್ತಿಸಿಕೊಂಡು ಹೊರಟರು. ಅಂಗವಿಕಲರ ಬೋಗಿಯಲ್ಲಿ ಯಂತ್ರವನ್ನು ನನ್ನ ಅಂಗಿಯ ಕಿಸೆಗೆ ಹಾಕಿ, ಕಣ್ಣು ಮುಚ್ಚಿಸಿ, ಈಗ ನಿಮ್ಮ ಮೇಲಿನ ಗುಂಡಿ ಒತ್ತಿರಿ ಎಂದರು. ಒತ್ತಿದೆ. ಅದು ಕೆಳಗಿನದಾಗಿತ್ತು. ಮೇಜಿನ ಮೇಲೆ ಮಲಗಿಸಿ ನೋಡುವವನಿಗೆ ಒಂದು ಮೇಲು. ನೂಕುನುಗ್ಗಲಿನಲ್ಲಿ ಕಿಸೆಯೊಳಗೆ ಹೆಬ್ಬೆರಳು ಇಳಿಸುವವನಿಗೆ ಇನ್ನೊಂದು.

“ಕೈಗೆ ಸುಳ್ಳ ಹೇಳಬ್ಯಾಡ್ರಿ ಕಾಕಾ,” ಎಂದರು. “ಕಣ್ಣು ಮಾಫ್ ಮಾಡತದ. ಕೈ ಮಾಡಾಂಗಿಲ್ಲ.”

ಎದುರಿಗೆ ಕೂತಿದ್ದ ಊರುಗೋಲಿನ ಮುದುಕರೊಬ್ಬರು ಏನೂ ಅರ್ಥವಾಗದೆಯೇ ತಲೆದೂಗಿದರು.

ಅಂದಿನಿಂದ ಪಾಠದಲ್ಲಿ ಮೇಲು ಕೆಳಗು, ಎಡ ಬಲ ಎಂಬ ಪದಗಳೇ ಇಲ್ಲವಾದವು. ಯಂತ್ರದ ಒಂದು ತುದಿಯಲ್ಲಿ ಇಯರ್‌ಫೋನಿನ ತಂತಿ ಸೇರುತ್ತದೆ. ಇನ್ನೊಂದು ತುದಿಯಲ್ಲಿ ಕುತ್ತಿಗೆಗೆ ಹಾಕಿಕೊಳ್ಳುವ ದಾರದ ಕುಣಿಕೆಯಿದೆ. ಯಂತ್ರ ಹೇಗೆ ತಿರುಗಿದರೂ ಇವೆರಡು ಬೆರಳಿಗೆ ಸಿಗುತ್ತವೆ. ತಂತಿಯ ಕಡೆಯ ಗುಂಡಿ, ದಾರದ ಕಡೆಯ ಗುಂಡಿ, ನಡುವೆ ತಗ್ಗಿರುವ ಗುಂಡಿ, ಪಕ್ಕದಲ್ಲಿ ಗುಂಡಿಗಳನ್ನೆಲ್ಲ ತಡೆದಿಡುವ ಜಾರುವ ಬೀಗ. ಇದಿಷ್ಟೇ ಅವರ ಪರಿಭಾಷೆ. ಪಾಠದ ಜೀವಾಳ ಇದು: ಎಲ್ಲಿದ್ದೀರೆಂದು ಸಂಶಯ ಬಂದರೆ ತಂತಿಯ ಕಡೆಯದನ್ನು ಒಮ್ಮೆ ಒತ್ತಿ. ಹಾಡು ಬದಲಾದರೆ ಕ್ಷೇಮ. ಬದಲಾಗದೆ ಅದೇ ಹಾಡು ಮುಂದುವರಿದರೆ ನೀವು ಅಳಿಸುವ ಬಾಗಿಲಲ್ಲಿ ನಿಂತಿದ್ದೀರಿ. ನಡುವಿನ ಗುಂಡಿಯನ್ನು ಮುಟ್ಟದೆ ಬೀಗ ಜಾರಿಸಿ ಸುಮ್ಮನೆ ಕೂತಿರಿ, ಯಂತ್ರ ತಾನಾಗಿ ಹಿಂದಕ್ಕೆ ಬರುತ್ತದೆ. ಯಾವ ಪುಸ್ತಿಕೆಯಲ್ಲೂ ಇಲ್ಲದ ಈ ಉಪಾಯವನ್ನು ಕಂಡುಹಿಡಿದವರು ಅವರು. ನನ್ನ ಕಣ್ಣಿಗೆ ಇದು ಹೊಳೆಯಲು ಅವಕಾಶವೇ ಇರಲಿಲ್ಲ. ನಾನು ಪರದೆ ನೋಡುತ್ತಿದ್ದೆ.

ಪಾಠವನ್ನು ಕೇಳಿಸಲು ಇಬ್ಬರೂ ಪರೇಲಿಗೆ ಹೋದೆವು. ಮಾಲೀಕರು ಗೌರವದಿಂದ ಕಾಫಿ ತರಿಸಿದರು, ಪೂರ್ತಿ ಕೇಳಿದರು, ಡಬ್ಬಿಯನ್ನು ಮಾತ್ರ ತೆರೆಯಲಿಲ್ಲ.

“ನೀವು ಹೇಳಿಕೊಡುವುದು ಚಂದ ಉಂಟು ಅಕ್ಕೋರೇ,” ಎಂದರು. “ಆದ್ರೆ ನಿಮಗೆ ಎಂತ ಹೋಗ್ತದೆ? ತಪ್ಪಿದ್ರೆ ಹೋಗುವುದು ನನ್ನ ಅಣ್ಣ. ಒಂದ್ಸಲ ಹೋಗಿ ಆಗಿದೆ ಮಾರಾಯ್ರೆ. ಇನ್ನೊಂದ್ಸಲ ಬೇಡ.”

ಅಕ್ಕೋರು ಲೋಟ ಕೆಳಗಿಟ್ಟು ಎದ್ದರು. ಹಿಂತಿರುಗುವಾಗ ಬಾಂದ್ರಾ ಬಂತು. ಹೆಣ್ಣುದನಿ ನಿಲ್ದಾಣದ ಹೆಸರು ಹೇಳಿತು. ಶ್ರುತಿಯ ಮೇಲೆ ಟೀಕೆ ಬರಲಿಲ್ಲ. “ಅವರು ಕೇಳಿದ್ದು ಖರೆ ಅದ,” ಎಂದಷ್ಟೇ ಹೇಳಿದರು.

ಅಕ್ಕೋರ ಯಂತ್ರದಲ್ಲಿಯೂ ಅಂಥದೊಂದಿತ್ತು. ನಲವತ್ತರ ವಯಸ್ಸಿನಲ್ಲಿ ಅವರು ಬಾಂದ್ರಾದ ಒಂದು ಸಭೆಯಲ್ಲಿ ಮಾರವಾ ರಾಗ ಹಾಡಿದ್ದನ್ನು ಶಿಷ್ಯೆಯೊಬ್ಬಳು ಕ್ಯಾಸೆಟ್ಟಿನಲ್ಲಿ ಹಿಡಿದಿದ್ದಳು. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಆ ಕಂಠ ಮರಳಿ ಬರಲಿಲ್ಲ. ಮುಂಬಯಿಯ ಮಳೆಗಾಲದ ಬೂಷ್ಟು ಹಿಡಿದು ಕ್ಯಾಸೆಟ್ಟು ಹಾಳಾಗುವ ಮೊದಲು ಅದನ್ನು ಯಂತ್ರಕ್ಕೆ ಇಳಿಸಿ ತಂದವನು ನಾನೇ. ಇಳಿಸಿದ ಅಂಗಡಿಯವರು ಪ್ರತಿ ಇಟ್ಟುಕೊಂಡಿರಲಿಲ್ಲ. ಆಮೇಲೆ ಹೋಗಿ ವಿಚಾರಿಸಿದ್ದೇನೆ. ಕ್ಯಾಸೆಟ್ಟನ್ನು ಇನ್ನಿಬ್ಬರಿಗೆ ತೋರಿಸಿದ್ದೇನೆ. ಅದರಿಂದ ಬರುವುದು ಬರಿಯ ಗರಗರ. ಇದನ್ನೆಲ್ಲ ಬರೆಯುವ ಕಾರಣ, ಬೇರೆಲ್ಲೋ ಪ್ರತಿ ಇದ್ದಿರಬೇಕೆಂದು ಸೆಕ್ರೆಟರಿಯವರು ಒಮ್ಮೆ ವಾದಿಸಿದರು.

ಮಾರವಾ ಎಂದರೇನೆಂದು ನನಗೆ ತಿಳಿಸಿದವರೂ ಅಕ್ಕೋರೇ. “ಸಾ ಅಂದ್ರ ಮನಿ. ಬ್ಯಾರೆ ರಾಗದಾಗ ಹೊಳ್ಳಿ ಹೊಳ್ಳಿ ಮನಿಗೆ ಬರತೀವಿ. ಮಾರವಾದಾಗ ಮನಿ ಕಾಣತದ, ಒಳಗ ಹೋಗಾಂಗಿಲ್ಲ. ಭಾಳ ಹೊತ್ತು ಹೊರಗ ನಿಲ್ಲಬೇಕು.”

ಪರೇಲಿನಿಂದ ಬಂದ ಮರುದಿನ ಪಾಠದ ಕೊನೆಯ ಭಾಗವನ್ನು ಹೊಸದಾಗಿ ಹೇಳುತ್ತೇನೆಂದು ನನ್ನನ್ನು ಕರೆಸಿದರು. ಯಂತ್ರದ ಸ್ವಂತ ದನಿ ಸಾಲದೆಂದು ಅದನ್ನು ಸಣ್ಣ ಸ್ಪೀಕರಿಗೆ ಜೋಡಿಸಿದ್ದರು. ನನ್ನ ಮೊಬೈಲ್ ಮೇಜಿನ ಮೇಲೆ ಧ್ವನಿಮುದ್ರಣಕ್ಕೆ ಸಿದ್ಧವಾಗಿತ್ತು. ಮಾರವಾ ಶುರುವಾಯಿತು. ಅವರು ಹಾಡಿನ ಜೊತೆಜೊತೆಗೆ ಗುಂಡಿಗಳನ್ನು ಒತ್ತುತ್ತ ಹೇಳುತ್ತ ಹೋದರು. ಅಳಿಸುವ ಬಾಗಿಲ ತನಕ ಹೋಗಿ ಹಿಂದಕ್ಕೆ ಬರುತ್ತಾರೆಂದು ನಾನು ತಿಳಿದಿದ್ದೆ. ಪರದೆಯ ಮೇಲೆ ಏನಿದೆ ಓದಿರಿ ಎಂದರು. ಓದಿದೆ. ಓದಿದ ಮೇಲೆ ನನಗೆ ಅರ್ಥವಾಯಿತು. ಬೇಡ ಎಂದೆ. ಅವರು ಒತ್ತಿದರು.

ನನ್ನ ಎದುರಿಗೆ ಕೂತಿದ್ದ ಅಕ್ಕೋರು ಮುಡಿಯ ಮಾಲೆಯನ್ನು ಸರಿಮಾಡಿಕೊಂಡು, ನೀರು ಕುಡಿದು, ಇನ್ನು ಪರೇಲಿಗೆ ಹೋಗಬಹುದು ಎಂದರು. ಕೆಲವರ ಧೈರ್ಯವನ್ನು ಪುಸ್ತಕಗಳಲ್ಲಿ ಓದಿದ್ದೇನೆ. ಕೈಯಳತೆಯ ದೂರದಲ್ಲಿ ಕಂಡದ್ದು ಅದೊಂದೇ.

ಹೋಟೆಲಿನಲ್ಲಿ ಊಟದ ಗದ್ದಲ ಮುಗಿದಿತ್ತು. ಮಾಲೀಕರು ಇಯರ್‌ಫೋನ್ ಹಾಕಿಕೊಂಡು ನನ್ನ ಮೊಬೈಲಿನಲ್ಲಿ ಹೊಸ ಭಾಗವನ್ನು ಕೇಳಿದರು. ಕೊನೆಗೆ ಬಂದಾಗ ಕೈಯಲ್ಲಿದ್ದ ಲೋಟವನ್ನು ತಡವಿ ಮೇಜಿನ ಮೇಲಿಟ್ಟರು.

“ಪ್ರತಿ ಉಂಟಲ್ವಾ?”

“ಇಲ್ರಿ.”

“ಎಂತಕ್ಕೆ ಮಾಡಿದ್ರಿ ಹಾಗೆ?”

“ನೀವs ಕೇಳಿದ್ರಲ್ಲ, ನಂದೇನು ಹೋಗತದ ಅಂತ.”

ಮಾಲೀಕರು ಡಬ್ಬಿ ತರಿಸಿದರು. ಯಂತ್ರವನ್ನು ತೆಗೆದು, ಇಯರ್‌ಫೋನಿನ ತಂತಿಯನ್ನು ಅದಕ್ಕೆ ಸೇರಿಸಿ, ಹೆಬ್ಬೆರಳಿನಿಂದ ತಂತಿಯ ತುದಿ ಯಾವುದು, ದಾರದ ತುದಿ ಯಾವುದು ಎಂದು ನೋಡಿಕೊಂಡರು. ನಡುವಿನ ತಗ್ಗನ್ನು ಒತ್ತಿದಾಗ, ಇಯರ್‌ಫೋನಿನಾಚೆ ನಮಗೂ ಕೇಳುವಷ್ಟು ಜೋರಾಗಿ, ಭಜನೆಯೊಂದು ಬಂತು. ತಂತಿಯ ಕಡೆ ಒತ್ತಿದರು; ಇನ್ನೊಂದು ಭಜನೆ. ಹಾಡು ಬದಲಾಯಿತು, ಕ್ಷೇಮ, ಎಂದು ತಮಗೆ ತಾವೇ ಹೇಳಿಕೊಂಡರು. ಹೀಗೆಯೇ ಹೋಗುತ್ತ ಹೋಗುತ್ತ ಒಮ್ಮೆಲೇ ಚೆಂಡೆ ಕೇಳಿಸಿತು. ಅದರ ಮೇಲೆ ಏರಿ ಒಂದು ಗಂಡುದನಿ. ಅವರು ಇಯರ್‌ಫೋನಿನ ತಂತಿಯನ್ನು ಕಿತ್ತು, ಯಂತ್ರದ ಸ್ವಂತ ದನಿಯಲ್ಲಿ ಎಲ್ಲರಿಗೂ ಕೇಳಲೆಂದು ಯಂತ್ರವನ್ನು ಎತ್ತಿ ಹಿಡಿದರು. ಅಡುಗೆಮನೆಯಲ್ಲಿ ದೋಸೆ ಹೊಯ್ಯುತ್ತಿದ್ದ ಸದ್ದು ನಿಂತಿತು. ಅಕ್ಕೋರು ತಲೆ ಓರೆಮಾಡಿ ಕೇಳಿ, ಶ್ರುತಿ ಬರೋಬರಿ ಅದ ಎಂದರು. ಅವರ ಬಾಯಿಂದ ಆ ಮಾತನ್ನು ಪಡೆದವರು ವಿರಳ.

ಹೋದ ಮಳೆಗಾಲದಲ್ಲಿ ಅಕ್ಕೋರು ತೀರಿಕೊಂಡರು. ಕೆಲವು ದಿನಗಳಲ್ಲೇ ಶೋಕಸಭೆ, ಆಮೇಲೆ ಸಂಚಿಕೆ, ಅದರಲ್ಲಿ ಆ ‘ಪಾಪ’. ನಾನು ಸೆಕ್ರೆಟರಿಯವರ ಬಳಿ ಹೋಗಿ, ನಾನು ಎದುರಿಗಿದ್ದೆ ಎಂದೆ. ವಯಸ್ಸಾಗಿದೆ ಕಾಕಾ, ನಿಮಗೆ ಅವರ ಮೇಲೆ ಅಭಿಮಾನ ಎಂದು ಅವರು ನಕ್ಕರು. ಅವರು ಹೇಳಿದ್ದು ಎರಡೂ ನಿಜ. ಆದ್ದರಿಂದ ನನ್ನ ನೆನಪನ್ನು ಯಾರೂ ನಂಬಬೇಕಾಗಿಲ್ಲ.

ಪಾಠದ ಒಂದು ಸಿ.ಡಿ. ಕನ್ನಡ ಸಂಘದ ವಾಚನಾಲಯದಲ್ಲಿದೆ. ಸಂಚಿಕೆಯನ್ನು ಅಚ್ಚು ಮಾಡಿದವರ ಬೆನ್ನ ಹಿಂದಿನ ಕಪಾಟಿನಲ್ಲಿ. ಅದು ಸಿಗದಿದ್ದರೆ ಪರೇಲಿಗೆ ಹೋಗಬಹುದು. ಮಾಲೀಕರು ಕ್ಯಾಷಿನ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಾರೆ, ಯಂತ್ರ ಅಂಗಿಯ ಕಿಸೆಯಲ್ಲಿರುತ್ತದೆ. ಕೇಳಿದವರಿಗೆ ತಮ್ಮ ಅಣ್ಣನನ್ನು ಕೇಳಿಸುತ್ತಾರೆ, ಆದರೆ ಮೊದಲು ಪಾಠದ ಕೊನೆಯ ಭಾಗವನ್ನು ಕೇಳಬೇಕೆಂಬುದು ಅವರ ಕಟ್ಟಳೆ.

ಅದರಲ್ಲಿ ಹಿಂದೆ ಮಾರವಾ ನಡೆದಿರುತ್ತದೆ. ನನ್ನ ದನಿ ಪರದೆಯನ್ನು ಓದುತ್ತದೆ: “ಅಳಿಸಲೇ ಅಂತಿದೆ ಅಕ್ಕೋರೇ. ಗುರುತು ‘ಹೌದು’ ಮೇಲಿದೆ.” ಆಮೇಲೆ ಅವರು, ಸ್ವಲ್ಪವೂ ಅವಸರವಿಲ್ಲದೆ: “ಇದು ನಂದು. ಇನ್ನೊಂದು ಪ್ರತಿ ಇಲ್ಲ. ಈಗ ನಡುವಿನ ಗುಂಡಿ ಒತ್ತತೀನಿ. ಹೆಂಗ ಹೋಗತದ ಕೇಳ್ರಿ. ನೀವು ಒತ್ತಬ್ಯಾಡ್ರಿ.” ನನ್ನ ‘ಬೇಡ’ ಸ್ಪಷ್ಟವಾಗಿ ಕೇಳುತ್ತದೆ. ಅದರಾಚೆಗೆ, ನಲವತ್ತು ವಯಸ್ಸಿನ ಆ ಕಂಠ ಸಾ ಕಡೆಗೆ ಮೆಲ್ಲಗೆ ಇಳಿದು ಬರುತ್ತಿರುತ್ತದೆ. ಬಂದು ಮುಟ್ಟುವ ಮೊದಲೇ ನಿಲ್ಲುತ್ತದೆ. ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಯಂತ್ರ ತಾನಾಗಿ ಮುಂದಿನದನ್ನು ಹಾಕುತ್ತದೆ. ಅದು ನನ್ನ ಹಳೆಯ ಕರಡು: “ಮೇಲಿನ ಗುಂಡಿಯನ್ನು ಒತ್ತಿದರೆ...”

ಅಕ್ಕೋರ ಆ ಕಂಠದಲ್ಲಿ ಈಗ ಉಳಿದಿರುವುದು ಇಷ್ಟೇ. ಅದನ್ನು ಅಳಿಸುವ ಪಾಠದ ಹಿಂದೆ ಕೇಳಿಸುವಷ್ಟು. ಹೋಗಿ ಕೇಳಿ.