ಟ್ಯೂನ್‌ಗೆ ಕೂತ ಮಾತು

ನೀರಿನ ಲೋಟ ತೋರಿಸಿ "ಇದೇನು ಸರ್?" ಎಂದು ಹಿಂದಿಯಲ್ಲಿ ಕೇಳಿದೆ. ಅವರು ಬಾಯಿ ತೆರೆದರು, ತಡಕಾಡಿದರು... ಕಣ್ಣು ತುಂಬಿತೇ ಹೊರತು ಮಾತು ಬರಲಿಲ್ಲ.

ಮಲೇಷ್ಯಾದ ಮೆಲಾಕಾ ಊರಿನ ಆಸ್ಪತ್ರೆಯೊಂದರಲ್ಲಿ ನಾನು ಸ್ಪೀಚ್ ಥೆರಪಿಸ್ಟ್. ಸ್ಟ್ರೋಕ್ ಆಗಿ ಮಾತು ಹೋದವರನ್ನು ದಿನಾ ನೋಡುತ್ತೇನೆ. ಆದರೆ ಇವರು ಹಿಂದಿ ಸಿನಿಮಾಗಳಿಗೆ ಹಾಡು ಬರೆದವರು! ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಅಪ್ಪ ರೇಡಿಯೋ ವಾಲ್ಯೂಮ್ ಏರಿಸಿ ಕೇಳುತ್ತಿದ್ದ ಹಾಡುಗಳು.

ಇಲ್ಲಿ ಲೆಕ್ಚರರ್ ಆಗಿರುವ ಮಗಳನ್ನು ನೋಡಲು ಹೆಂಡತಿ ಜೊತೆ ಬಂದಿದ್ದರು. ಬಂದಲ್ಲೇ ಹೀಗಾಯಿತು.

ಅವರದೇ ಹಳೆಯ ಹಾಡೊಂದನ್ನು ಎತ್ತಿಕೊಟ್ಟೆ. ಪಲ್ಲವಿ, ಚರಣ, ಎಲ್ಲ ತಪ್ಪಿಲ್ಲದೆ ಹಾಡಿಬಿಟ್ಟರು.

"ಹೀ ಕ್ಯಾನ್ ಟಾಕ್ ಲಾ!" ಬಾಗಿಲಲ್ಲಿದ್ದ ನರ್ಸ್ ಕೂಗಿದಳು.

ಇಲ್ಲ... ಬಾಯಿಪಾಠವಾದ ಹಾಡು ಎಷ್ಟೋ ಜನರಲ್ಲಿ ಹೀಗೆ ಉಳಿದಿರುತ್ತದೆ. ಹೇಳಬೇಕಾದ್ದನ್ನು ಹೇಳುವುದೇ ಬೇರೆ.

ಮಂಚದ ಪಕ್ಕ ನಿಂತಿದ್ದ ಅವರ ಹೆಂಡತಿ ಸುನಂದಾಜಿ ಮೆಲ್ಲಗೆ ಹೇಳಿದರು, "ಹಳೇದು ಬೇಡ ಬೇಟಿ. ಮ್ಯೂಸಿಕ್ ಡೈರೆಕ್ಟರ್ ಹಾರ್ಮೋನಿಯಂ ಹಿಡಿದು ಬರೀ ಲಲಲಾ ಅಂತಿದ್ರು, ಇವರು ಅದಕ್ಕೆ ಮಾತು ಕೂರಿಸ್ತಿದ್ರು. ಜೀವನವಿಡೀ ಮಾಡಿದ್ದು ಅದನ್ನೇ."

ಬಟ್ಟೆ ಅಂಗಡಿಯ ಕೆಲಸ ಬಿಟ್ಟು ಮುಂಬೈಗೆ ಬಂದವರಂತೆ. ಮೊದಲ ಹಾಡು ಸಿಗಲು ವರ್ಷಗಳೇ ಹಿಡಿದವಂತೆ.

ಇಷ್ಟು ಹೇಳಿ, ಸುನಂದಾಜಿ ತಾವೇ ಹೊಸದೊಂದು ರಾಗ ಗುನುಗಿದರು. ಪದವೇ ಇಲ್ಲ. ಲಾ ಲಾ ಲಲಾ...

ಕೇಳುತ್ತಿದ್ದ ಗಂಡ ಕಣ್ಣು ಮುಚ್ಚಿದರು. ಎಡಗೈ ಬೆರಳು ಹಾಸಿಗೆಯ ಮೇಲೆ ತಾಳ ಹಾಕತೊಡಗಿತು. ತುಟಿ ಅಲುಗಿತು.

"ಬೈಠ್ ಜಾಓ... ಕಬ್ ಸೇ ಖಡೀ ಹೋ..."

ಕೂತ್ಕೋ, ಆಗಿನಿಂದ ನಿಂತೇ ಇದ್ದೀಯ!

ಅಷ್ಟರಲ್ಲಿ ಅವರೇ ತಲೆ ಅಲ್ಲಾಡಿಸಿದರು. ಏನೋ ಒಪ್ಪಿಗೆಯಾಗಲಿಲ್ಲ. ಇನ್ನೊಮ್ಮೆ ಗುನುಗು ಎಂದು ಹೆಂಡತಿಗೆ ಸನ್ನೆ ಮಾಡಿದರು.

ಈ ಸಲ "ಬೈಠ್ ಜಾಓ" ಇಲ್ಲ. "ಬೈಠೋ ನಾ" ಎಂದು ಹಾಡುತ್ತಿದ್ದಾರೆ! ಅರ್ಥ ಅದೇ, ಆದರೆ ಟ್ಯೂನ್‌ಗೆ ಇದೇ ಸರಿಯಾಗಿ ಕೂರುತ್ತದೆ.

ಒಂದು ಪದಕ್ಕಾಗಿ ಒದ್ದಾಡುತ್ತಿದ್ದ ಮನುಷ್ಯ ತನ್ನ ಸಾಲನ್ನು ತಾನೇ ತಿದ್ದುತ್ತಿದ್ದಾರೆ... ನಾನು ಕೈಯಲ್ಲಿದ್ದ ಪೆನ್ ಕೆಳಗಿಟ್ಟೆ.

ಸುನಂದಾಜಿ ಕೂತರು. ಅಳುತ್ತಲೇ ಮುಂದಿನ ಸಾಲಿಗೆ ರಾಗ ಕೊಟ್ಟರು.

ಬರೀ ಮಾತು ಇನ್ನೂ ಬಂದಿಲ್ಲ, ಥೆರಪಿ ನಡೆಯುತ್ತಿದೆ. ಅಲ್ಲಿಯವರೆಗೆ ಹೆಂಡತಿ ಗುನುಗುತ್ತಾರೆ, ಅವರು ಚಹಾ ಬೇಕೆಂದು ಹಾಡುತ್ತಾರೆ, ಸಾರಿಗೆ ಉಪ್ಪು ಸಾಲದೆಂದೂ ಹಾಡುತ್ತಾರೆ.

ಪ್ರೀತಿಯಿಂದ ಮಾಡಿದ ಕೆಲಸ ಮನುಷ್ಯನೊಳಗೆ ಇಷ್ಟು ಆಳಕ್ಕೆ ಇಳಿದಿರುತ್ತದೆಯೇ?